ಹಸಿ ಹುಲ್ಲಿನ ವಾಸನೆ

ಪಾರಿವಾಳದ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಪಾಲಯ್ಯ ಕರವಸ್ತ್ರದಲ್ಲಿ ಹಿಡಿದು ಅದನ್ನು ಮಗುಚಿ ನೋಡಿದರು. ಸತ್ತು ದಿನಗಳಾಗಿದ್ದವು, ಇರುವೆ ಮುತ್ತಿತ್ತು. ಆದರೆ ಒಂದು ಪುಕ್ಕವೂ ಕಿತ್ತಿರಲಿಲ್ಲ. ಷೆಡ್ಡಿನ ತೊಲೆಗೆ ನೇತುಹಾಕಿದ ಮರದ ಗೂಡಿನೊಳಗೆ ಇನ್ನೊಂದು ಹಕ್ಕಿಯೂ ಹಾಗೆಯೇ ಬಿದ್ದಿತ್ತು. ಗೂಡಿನ ಬಾಗಿಲಿಗೆ ಹಾಕಿದ ಕೊಂಡಿ ಹಾಕಿದಂತೆಯೇ ಇತ್ತು.

“ಬೆಕ್ಕು ಹಿಡಿದಿರಬೇಕು ಸಾಹೇಬ್ರೇ” ಎಂದ ಚಾಂದ್ ಪಾಷಾ, ಬಾಗಿಲಲ್ಲಿ ನಿಂತು.

“ಬೆಕ್ಕು ಹಿಡಿದ್ರೆ ತಿನ್ನದೆ ಬಿಡತೈತೇನೋ?”

ಅತ್ತು ಅತ್ತು ಚಾಂದ್ ಪಾಷಾನ ಕಣ್ಣು ಬಾತಿದ್ದವು. ಅವನ ಅಣ್ಣ ಅಲ್ಲಾಬಕ್ಷ್ ಭಾನುವಾರ ಇದೇ ಷೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ, ಮನೆಯಲ್ಲಿ ಉಂಡು ಮಲಗಿ, ಸೋಮವಾರ ಬೆಳಗಾಗುವಷ್ಟರಲ್ಲಿ ಬಾಯಲ್ಲಿ ನೊರೆ ತಂದುಕೊಂಡು ಸತ್ತಿದ್ದ. ಅಂದಿನಿಂದ ಬೀದಿಯ ಕಣ್ಣೆಲ್ಲ ಊಟ ಬಡಿಸಿದ ಹೆಂಡತಿ ಖತೀಜಾಬೀ ಮೇಲೆ ನೆಟ್ಟಿತ್ತು. ಅನ್ನದಲ್ಲಿ ವಿಷ ಹಾಕಿದಳೆಂದು ದೂರು ಕೊಟ್ಟವನು ಈ ತಮ್ಮನೇ; ಆಕೆ ಈಗ ವಿಚಾರಣೆಗೆಂದು ಠಾಣೆಯಲ್ಲಿದ್ದಳು.

ಪಾಲಯ್ಯ ಸತ್ತ ಹಕ್ಕಿಗಳನ್ನು ಒಂದು ಹಳೆಯ ಚೀಲದಲ್ಲಿ ಸುತ್ತಿದರು. ಕೈ ನಿಧಾನವಾಯಿತು.

ಇಂಥದೇ ಗೂಡು, ಇಂಥದೇ ಬೂದು ಬಣ್ಣದ ಹಕ್ಕಿ. ಅವರೂ ಅಲ್ಲಾಬಕ್ಷನೂ ಹುಡುಗರಾಗಿದ್ದಾಗ ಅವನ ಮನೆಯ ಮಾಳಿಗೆಯ ಮೇಲೆ ಸಂಜೆಯಾದರೆ ಸಾಕು, ಬಾಯಲ್ಲಿ ಬೆರಳಿಟ್ಟು ಶಿಳ್ಳೆ ಹಾಕುತ್ತಿದ್ದರು. ಪಾರಿವಾಳಗಳು ಹತ್ತಿ ಗಿರಣಿಯ ಚಿಮಣಿಯನ್ನು ಸುತ್ತು ಹಾಕಿ ಬಂದು ಹೆಗಲ ಮೇಲೆ ಕೂರುತ್ತಿದ್ದವು. ಸುಗ್ಗಿಯ ದಿನಗಳಲ್ಲಿ ಅವುಗಳ ರೆಕ್ಕೆಗೂ ಹತ್ತಿಯ ಎಳೆ ಅಂಟಿರುತ್ತಿತ್ತು. ಆಗಿನ ದಾವಣಗೆರೆಯಲ್ಲಿ ಗಾಳಿಯೇ ಬಿಳಿ. ಗಿರಣಿಯ ಸೈರನ್ ಕೂಗಿದರೆ ಹೆಂಗಸರು ಒಲೆಯ ಮೇಲೆ ಎಸರು ಇಡುತ್ತಿದ್ದರು, ಮಕ್ಕಳು ಪಾಟಿ ಬಳಪ ಎತ್ತಿಡುತ್ತಿದ್ದರು. ಯಾರ ಮನೆಯಲ್ಲೂ ಗಡಿಯಾರ ಬೇಕಿರಲಿಲ್ಲ.

ಅಲ್ಲಾಬಕ್ಷನ ತಂದೆ ತವರದ ಕೆಲಸದವರು. ತೂತು ಬಿದ್ದ ಕೊಡ, ಹಿಡಿ ಕಳಚಿದ ಚೊಂಬು ಎಲ್ಲವೂ ಅವರ ಬಳಿ ಬರುತ್ತಿದ್ದವು. ಮಗ ಗ್ಯಾಸ್ ವೆಲ್ಡಿಂಗ್ ಕಲಿತು ಬಂದಾಗ ಬೀದಿಯ ಜನ ಆ ನೀಲಿ ಜ್ವಾಲೆ ನೋಡಲು ನೆರೆದಿದ್ದರು. ಪಾಲಯ್ಯ ಪೊಲೀಸು ಸೇರಿ ಊರೂರು ಅಲೆದು ಹುಟ್ಟೂರಿಗೆ ವರ್ಗವಾಗಿ ಬಂದಾಗ ಮೊದಲು ಠಾಣೆಗೆ ಬಂದು ಕೈ ಹಿಡಿದವನು ಅವನೇ. “ಏನ್ ಪಾಲ್ಯಾ, ಈಗ ನಿನಗ ಸಾಹೇಬ್ರ ಅನ್ಬೇಕೇನು?” ಎಂದು ಪೇದೆಗಳೆದುರೇ ಕೇಳಿ ನಕ್ಕಿದ್ದ.

ಷೆಡ್ಡಿನ ನಡುವೆ ಅವನು ಕೊನೆಯ ಸಲ ಬೆಸೆದ ಎಣ್ಣೆ ಟ್ಯಾಂಕು ನಿಂತಿತ್ತು. ಪಾಲಯ್ಯ ಅದರ ಬಾಯಿಗೆ ಮೂಗಿಟ್ಟು ಮೂಸಿದರು. ಹಳೆಯ ಶೇಂಗಾ ಎಣ್ಣೆಯ ಕಮಟು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

“ಬೀಗದ ಕೈ ಕೊಡ್ತೀರೇನ್ರಿ?” ಎಂದ ಚಾಂದ್ ಪಾಷಾ. “ಮೂರನೇ ದಿನದ ಜಿಯಾರತ್ ಮುಗೀತು. ಅಣ್ಣನ ಕೆಲಸ ಅರ್ಧಕ್ಕೆ ನಿಂತೈತೆ. ನಾನೇ ಮುಗಿಸ್ಬೇಕು.”

ಪಾಲಯ್ಯ ಕೊಟ್ಟರು. ವಿಷ ಅನ್ನದಲ್ಲಿತ್ತೆಂದೇ ಎಲ್ಲರೂ ನಂಬಿದ್ದಾಗ ಷೆಡ್ಡಿಗೆ ಬೀಗ ಹಾಕಿ ಇಟ್ಟುಕೊಳ್ಳಲು ಕಾರಣವಿರಲಿಲ್ಲ.

ಷೆಡ್ಡಿನ ಎದುರಿಗೇ ಕೊಟ್ರವ್ವನ ಮಂಡಕ್ಕಿ ಅಂಗಡಿ. ಬಾಣಲೆಯಲ್ಲಿ ಮೆಣಸಿನಕಾಯಿ ತೇಲಿಸುತ್ತಿದ್ದ ಮುದುಕಿ ಇನ್ಸ್‌ಪೆಕ್ಟರನ್ನು ಕಂಡು ಸೆರಗು ಸರಿಮಾಡಿಕೊಂಡಳು.

“ಭಾನುವಾರ ಅಲ್ಲಾಬಕ್ಷನ್ನ ನೋಡಿದ್ಯೇನವ್ವಾ?”

“ನೋಡ್ದೆ ಇರ್ತೀನೇನ್ರಿ? ಮಧ್ಯಾಹ್ನ ಕೆಮ್ಕೋತ ಹೊರಗ ಬಂದ್ರು. ಕಣ್ಣಾಗ ನೀರು ಬುಳುಬುಳು ಸುರೀತಿತ್ತು. ಏನಾತಪ್ಪಾ ಅಂದೆ. ‘ಏನಿಲ್ಲವ್ವಾ, ಒಳಗ ಯಾರೋ ಹಸಿ ಹುಲ್ಲು ಕೊಯ್ದು ಒಟ್ಟಿದಂಗ ವಾಸ್ನೆ ಬರ್ತೈತೆ’ ಅಂದು ನಕ್ರು.”

“ಹುಲ್ಲಿನ ವಾಸ್ನೆ?”

“ಹೂನ್ರಿ. ಇಲ್ಲಿ ಹುಲ್ಲು ಎಲ್ಲೈತೆ, ಬರೀ ಹೊಗೆ ಐತೆ ಅಂದೆ. ಮಂಡಕ್ಕಿ ತಿಂದ್ರು, ಚಾ ಕುಡಿದ್ರು. ಆಮ್ಯಾಗ ಚೆಂದಾಗೇ ಇದ್ರಲ್ಲ! ಇಳಿಹೊತ್ತಿಗೆ ‘ಪಾರಿವಾಳ ಯಾಕೋ ಸಪ್ಪಗದಾವ’ ಅಂತ ಅಂದ್ಕೋತ ಬಾಗಿಲು ಹಾಕ್ಕೊಂಡು ಹೋದ್ರು.”

ಪಾಲಯ್ಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಖತೀಜಾಬೀ ಬಡಿಸಿದ್ದು ಸಂಜೆ, ಮನೆಯಲ್ಲಿ. ಪಾರಿವಾಳಗಳು ಸಪ್ಪಗಾದದ್ದು ಅದಕ್ಕೂ ಮೊದಲು, ಷೆಡ್ಡಿನಲ್ಲಿ. ಅವುಗಳಿಗೆ ಆ ಅನ್ನ ಹಾಕಿದವರು ಯಾರೂ ಇಲ್ಲ.

ಸರ್ಕಾರಿ ಆಸ್ಪತ್ರೆಯ ವೈದ್ಯರು ಹೆಣ ಕೊಯ್ದ ದಿನ ಹೇಳಿದ ಮಾತು ಈಗ ಕಿವಿಯಲ್ಲಿ ಮತ್ತೆ ಕೇಳಿಸಿತು. “ಹೊಟ್ಟೆಯಲ್ಲಿದ್ದುದನ್ನು ಬೆಂಗಳೂರಿಗೆ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಆದರೆ ಆ ಪುಪ್ಪುಸ ನೋಡಿದ್ರೆ ನೀರಲ್ಲಿ ಮುಳುಗಿ ಸತ್ತವನ ಶ್ವಾಸಕೋಶದ ಹಾಗಿದೆ. ನಾನು ಇಂಥದನ್ನ ಕಂಡಿಲ್ಲ. ಹರಿಹರದ ನಾಗರಾಜಪ್ಪನವರು ಬರ್ಮಾ ಯುದ್ಧದಲ್ಲಿದ್ದವರು. ಅವರನ್ನ ಕೇಳಿ.”

ಠಾಣೆಯ ಜೀಪು ಚಿತ್ರದುರ್ಗಕ್ಕೆ ಹೋಗಿತ್ತು. ಪಾಲಯ್ಯ ಹರಿಹರದ ಬಸ್ಸು ಹತ್ತಿದರು.

ಕಿಟಕಿಯ ಪಕ್ಕದಲ್ಲಿ ಕೂತರೆ ದಾರಿಯುದ್ದಕ್ಕೂ ಹತ್ತಿ ಗಾಡಿಗಳು. ಒಂದು ಕಾಲಕ್ಕೆ ಈ ಗಾಡಿಗಳೇ ಅವರಿಬ್ಬರ ವಾಹನ. ಶಾಲೆಗೆ ಚಕ್ಕರ್ ಹೊಡೆದು, ಖಾಲಿ ಗಾಡಿಯ ಹಿಂದೆ ಓಡಿ ಹತ್ತಿ, ಹತ್ತಿಯ ಚೂರುಗಳ ನಡುವೆ ಅಂಗಾತ ಮಲಗಿ ಹರಿಹರ ಸೇರುತ್ತಿದ್ದರು. ಗಾಡಿಯವ ಬೈದರೆ ಅಲ್ಲಾಬಕ್ಷ್ ಅವನ ಎತ್ತುಗಳನ್ನು ಹೊಗಳಿ ಸಮಾಧಾನ ಮಾಡುತ್ತಿದ್ದ. ಅಲ್ಲಿ ತುಂಗಭದ್ರೆ. ಬೇಸಿಗೆಯಲ್ಲಿ ನಡುವೆ ಮರಳು ದಿಬ್ಬ ಎದ್ದು ಕರಬೂಜದ ಬಳ್ಳಿ ಹಬ್ಬಿರುತ್ತಿತ್ತು. ಮಡುವಿನಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆಂಬುದೇ ಆಟ. ಆ ಆಟದಲ್ಲಿ ಅಲ್ಲಾಬಕ್ಷನನ್ನು ಗೆದ್ದವರಿಲ್ಲ. ಪಾಲಯ್ಯ ದಡದಲ್ಲಿ ನಿಂತು ಗಾಬರಿಯಿಂದ ಕೂಗುತ್ತಿದ್ದರೆ, ಅವನು ಎಲ್ಲೋ ದೂರದಲ್ಲಿ ತಲೆ ಎತ್ತಿ ಹಲ್ಲು ಕಿರಿಯುತ್ತಿದ್ದ.

ಬಸ್ಸು ನಿಂತಾಗ ನದಿಯ ಗಾಳಿ ಮುಖಕ್ಕೆ ಬಡಿಯಿತು. ಪಾಲಯ್ಯ ಒಂದು ಕ್ಷಣ ಇಳಿಯದೇ ಕೂತರು.

ಡಾಕ್ಟರ್ ನಾಗರಾಜಪ್ಪನವರ ದವಾಖಾನೆ ದೇವಸ್ಥಾನದ ಬೀದಿಯಲ್ಲಿತ್ತು. ನರೆತ ಮೀಸೆ, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಕೋಟು. ಪಾರಿವಾಳಗಳನ್ನು ನೋಡಿ, ಪಾಲಯ್ಯ ಹೇಳಿದ್ದೆಲ್ಲವನ್ನೂ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

“ಹಸಿ ಹುಲ್ಲಿನ ವಾಸನೆ ಅಂದನೇ?”

“ಹೌದು.”

“ಹಾಗಾದ್ರೆ ನಿಮ್ಮ ಸ್ನೇಹಿತನಿಗೆ ಯಾರೂ ಊಟದಲ್ಲಿ ವಿಷ ಹಾಕಿಲ್ಲ ಇನ್ಸ್‌ಪೆಕ್ಟರ್. ಅವನು ಅದನ್ನ ಉಸಿರಾಡಿದ. ಫಾಸ್ಜೀನ್ ಅನ್ನೋ ಗ್ಯಾಸು. ಮೊದಲನೇ ಮಹಾಯುದ್ಧದಲ್ಲಿ ಇದರಿಂದ ಸತ್ತ ಸಿಪಾಯಿಗಳಿಗೆ ಲೆಕ್ಕ ಇಲ್ಲ. ನಮಗೆ ಸೈನ್ಯದಲ್ಲಿ ಅದರ ಪಾಠ ಮಾಡಿದ್ರು.”

“ಯುದ್ಧದ ಗ್ಯಾಸು ದಾವಣಗೆರೆಯ ಷೆಡ್ಡಿಗೆ ಹೆಂಗ್ರೀ ಬರ್ತದೆ?”

“ಬರೋದಿಲ್ಲ. ಅಲ್ಲೇ ಹುಟ್ಟುತ್ತೆ.” ನಾಗರಾಜಪ್ಪ ಮೇಜಿನ ಮೇಲೆ ಬೆರಳಿನಿಂದ ಒಂದು ಪೆಟ್ಟಿಗೆಯ ಆಕಾರ ಬರೆದರು. “ಬಟ್ಟೆಯ ಕಲೆ ತೆಗೆಯೋಕೆ, ಯಂತ್ರದ ಜಿಡ್ಡು ತೊಳೆಯೋಕೆ ಗಿರಣಿಗಳಲ್ಲಿ ಒಂದು ದ್ರವ ಇಡ್ತಾರೆ. ಕಾರ್ಬನ್ ಟೆಟ್ರಾಕ್ಲೋರೈಡ್. ನೀರಿನ ಹಾಗೇ ಕಾಣುತ್ತೆ. ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳೋದಿಲ್ಲ. ಬೆಂಕಿ ಆರಿಸೋಕೂ ಅದನ್ನೇ ಬಳಸ್ತಾರೆ. ಅದಕ್ಕೇ ಜನಕ್ಕೆ ಅದರ ಭಯ ಇಲ್ಲ. ಆದರೆ ಅದು ತಳದಲ್ಲಿ ಉಳಿದಿರೋ ಟ್ಯಾಂಕಿಗೆ ವೆಲ್ಡಿಂಗ್ ಜ್ವಾಲೆ ತಗುಲಿದ್ರೆ, ಅದರ ಆವಿ ಈ ವಿಷವಾಗಿ ಬದಲಾಗುತ್ತೆ.”

“ಆದರೆ ಅವನು ಆಮೇಲೆ ಚೆನ್ನಾಗೇ ಇದ್ದ. ಮಂಡಕ್ಕಿ ತಿಂದ, ನಕ್ಕ, ಮನೆಗೆ ಹೋಗಿ ಉಂಡ.”

“ಅದೇ ಇದರ ಮೋಸ. ಸ್ವಲ್ಪ ಕೆಮ್ಮು, ಕಣ್ಣುರಿ. ಆಮೇಲೆ ಎಲ್ಲ ಸರಿಹೋದ ಹಾಗೆ ಅನಿಸುತ್ತೆ. ಎಷ್ಟೋ ಗಂಟೆಗಳಾದ ಮೇಲೆ ಪುಪ್ಪುಸದೊಳಗೆ ನೀರು ತುಂಬೋಕೆ ಶುರುವಾಗುತ್ತೆ. ನಿಮ್ಮ ಸ್ನೇಹಿತ ಹಾಸಿಗೆ ಮೇಲೆ ಮಲಗಿಯೇ ಮುಳುಗಿ ಸತ್ತ.”

ಪಾಲಯ್ಯ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದರು. ಬೀದಿಯ ತುದಿಯಲ್ಲಿ ನದಿ ಬಿಸಿಲಿಗೆ ಹೊಳೆಯುತ್ತಿತ್ತು.

“ಅಲ್ಲಾಬಕ್ಷನ ಪರಿಚಯ ಇತ್ತೇನ್ರಿ ನಿಮಗೆ?”

“ಇಲ್ಲ. ಆ ಮನೆಯವರು ಯಾರನ್ನೂ ನಾನು ಕಂಡಿಲ್ಲ.” ಡಾಕ್ಟರು ಕನ್ನಡಕ ಹಾಕಿಕೊಂಡರು. “ಟ್ಯಾಂಕು ಯಾರದು ಅಂತ ವಿಚಾರಿಸಿ. ಎಣ್ಣೆ ಟ್ಯಾಂಕಿನಲ್ಲಿ ಆ ದ್ರವ ತಾನಾಗೇ ಇರೋದಿಲ್ಲ. ಯಾರೋ ಸುರಿದಿರಬೇಕು.”

ಟ್ಯಾಂಕು ಹಾಲೇಶಪ್ಪನದು. ಹರಿಹರದಲ್ಲಿ ಶೇಂಗಾ ಎಣ್ಣೆ ಮಿಲ್ಲು ಇಟ್ಟವನು. ಅವನಿಗೂ ಅಲ್ಲಾಬಕ್ಷನಿಗೂ ಜಗಳವಾದದ್ದು ಎರಡೂ ಊರಿಗೆ ಗೊತ್ತಿತ್ತು. ಮಿಲ್ಲಿನ ಬಾಯ್ಲರಿಗೆ ತೇಪೆ ಹಾಕಲು ಕರೆಸಿದಾಗ, ತಗಡು ಸವೆದಿದೆ, ಇದು ಸಿಡಿಯುತ್ತದೆ ಎಂದು ಅಲ್ಲಾಬಕ್ಷ್ ಕೆಲಸ ಒಲ್ಲೆನೆಂದಿದ್ದ. ಅಷ್ಟೇ ಅಲ್ಲ, ಸರ್ಕಾರದ ಅಧಿಕಾರಿಗೂ ಹೇಳಿಬಿಟ್ಟಿದ್ದ. ಬಾಯ್ಲರಿಗೆ ಮೊಹರು ಬಿದ್ದು ಇಡೀ ಸುಗ್ಗಿ ಮಿಲ್ಲು ನಿಂತಿತ್ತು. “ನಿನ್ನ ಉಸಿರು ನಿಲ್ಲಿಸ್ತೀನಿ” ಎಂದು ಹಾಲೇಶಪ್ಪ ಸಂತೆಯಲ್ಲಿ ಕೂಗಾಡಿದ್ದನ್ನು ಕೇಳಿದವರಿದ್ದರು.

ಪಾಲಯ್ಯ ಹೋದಾಗ ಅವನು ಶೇಂಗಾ ರಾಶಿಯ ಪಕ್ಕ ಕುರ್ಚಿ ಹಾಕಿ ಕೂತಿದ್ದ.

“ಬರ್ರಿ, ಕೂಡ್ರಿ ಸಾಹೇಬ್ರ.”

“ಕೂಡೋಕೆ ಬಂದಿಲ್ಲ. ಅಲ್ಲಾಬಕ್ಷನಿಗೆ ಕಳಿಸಿದ ಟ್ಯಾಂಕಿನಾಗ ಏನು ಸುರಿದಿದ್ದಿ?”

ಹಾಲೇಶಪ್ಪನ ಮುಖ ಕೆಂಪಾಯಿತು. “ಏನು ಸುರೀತೀನ್ರಿ? ಹತ್ತು ವರ್ಷ ಎಣ್ಣೆ ತುಂಬಿದ ಟ್ಯಾಂಕು. ಬಿಸಿನೀರು, ಸೋಡಾಪುಡಿ ಹಾಕಿ ನಮ್ಮ ಆಳುಗಳು ಹೊಳ್ಯಾಗ ತೊಳೆದ್ರು. ಜಿಡ್ಡು ಪೂರಾ ಹೋಗ್ಲಿಲ್ಲ. ಹಂಗೇ ಕಳಿಸ್ದೆ.”

“ಕಲೆ ತೆಗೆಯೋ ದ್ರವ?”

“ಅದು ಬಟ್ಟೆ ಗಿರಣ್ಯಾಗ ಇರ್ತೈತೆ. ನಂದು ಎಣ್ಣೆ ಮಿಲ್ಲು. ನನಗ್ಯಾಕ ಬೇಕದು?”

“ಉಸಿರು ನಿಲ್ಲಿಸ್ತೀನಿ ಅಂದಿದ್ಯಲ್ಲ ಅವನಿಗೆ? ನಿಂತೇ ಹೋಯ್ತಲ್ಲ ಹಾಲೇಶಪ್ಪ!”

ಹಾಲೇಶಪ್ಪ ಎದ್ದು ನಿಂತ. ಕಿರುಚುತ್ತಾನೆಂದು ಪಾಲಯ್ಯ ಕಾದರು. ಅವನು ಕಿರುಚಲಿಲ್ಲ. ಅಂಗಳದ ಮೂಲೆಗೆ ನಡೆದು, ತುಕ್ಕು ಹಿಡಿದು ಬಿದ್ದಿದ್ದ ಒಂದು ಭಾರಿ ತಗಡನ್ನು ಕಾಲಿನಿಂದ ಮುಟ್ಟಿ ತೋರಿಸಿದ.

“ಇದು ಆ ಬಾಯ್ಲರಿನ ಹೊಟ್ಟೆ. ಬಿಚ್ಚಿಸಿದ ಮ್ಯಾಲೆ ನಾನೇ ಸುತ್ತಿಗೆ ತಗೊಂಡು ಒಂದು ಏಟು ಹಾಕಿದೆ. ಹಪ್ಪಳದಂಗೆ ಮುರೀತ್ರಿ. ಅವತ್ತು ಉರಿ ಹಾಕಿದ್ದಿದ್ರೆ ಒಲಿ ಮುಂದೆ ನನ್ನ ಮಗ ಇರ್ತಿದ್ದ.” ಅವನು ಕಾಲು ಹಿಂದೆಳೆದುಕೊಂಡ. “ಮರುದಿನ ದಾವಣಗೆರಿಗೆ ಹೋಗಿ ಅಲ್ಲಾಬಕ್ಷನ ಕೈ ಹಿಡ್ಕೊಂಡೆ. ಬೈದವನು ನಾನು, ಚಾ ತರಿಸಿ ಕೊಟ್ಟವನು ಅವನು. ಅವತ್ತಿಂದ ನನ್ನ ಕೆಲಸ ಎಲ್ಲಾ ಅವನಿಗೇ. ಅಂಥಾವನ್ನ ನಾನು ಕೊಲ್ತೀನೇನ್ರಿ?”

ಪಾಲಯ್ಯ ಆ ತಗಡಿನ ಅಂಚನ್ನು ಬೆರಳಿನಿಂದ ಒತ್ತಿದರು. ಅದು ಪುಡಿಯಾಗಿ ಉದುರಿತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

“ಅವನು ಹೋದ ಮ್ಯಾಲೂ ಆ ಮನಿಗೇ ಕೆಲಸ ಕೊಡ್ಬೇಕಂತ ಇನ್ನೊಂದು ಟ್ಯಾಂಕನ್ನೂ ಕಳಿಸೀನಿ” ಎಂದ ಹಾಲೇಶಪ್ಪ, ಕಣ್ಣೊರೆಸಿಕೊಂಡು. “ಬೆಳಿಗ್ಗೆ ಲಾರಿ ಮ್ಯಾಲೆ ಹೋತು. ಚಾಂದ್ ಪಾಷಾ ಇವತ್ತೇ ಬೆಸೀತೀನಿ ಅಂತ ಹೇಳಿ ಕಳಿಸಿದ್ದ.”

ಪಾಲಯ್ಯ ತಗಡಿನಿಂದ ಕೈ ಎಳೆದುಕೊಂಡರು. ಅಣ್ಣನ ಟ್ಯಾಂಕಿಗೆ ಬಿದ್ದ ದ್ರವ ಮಿಲ್ಲಿನಲ್ಲಿ ಬಿದ್ದಿರಲಿಲ್ಲವೆಂದರೆ ಷೆಡ್ಡಿನಲ್ಲಿಯೇ ಬಿದ್ದಿರಬೇಕು. ಹಾಗಾದರೆ ಅದು ಈಗಲೂ ಅಲ್ಲೇ ಎಲ್ಲೋ ಇದೆ.

ಮಿಲ್ಲಿನ ಟೆಲಿಫೋನಿನಲ್ಲಿ ದಾವಣಗೆರೆಯ ಲೈನು ಸಿಗುವಷ್ಟರಲ್ಲಿ ಅವರ ಅಂಗಿ ಬೆವರಿಗೆ ತೊಯ್ದಿತ್ತು. “ಚಾಂದ್ ಪಾಷಾ ವೆಲ್ಡಿಂಗ್ ಮಾಡ್ತಿದ್ರೆ ನಿಲ್ಲಿಸಿ ಹೊರಗ ಎಳ್ಕೊಂಡು ಬರ್ರಿ” ಎಂದು ಠಾಣೆಗೆ ಕೂಗಿದರು. “ಇನ್ನೊಂದು ಮಾತು. ಖತೀಜಾಬೀನ ಕೂಡಿಸ್ಕೊಂಡು ಕೇಳಿದ್ದು ಸಾಕು. ಆಕೆ ತಪ್ಪಿಲ್ಲ. ಮನೆಗೆ ಬಿಡ್ರಿ.”

ಪಾಲಯ್ಯ ಮತ್ತೆ ದವಾಖಾನೆಗೆ ಓಡಿದರು, ಡಾಕ್ಟರ ಬಳಿ ಹಳೆಯ ಮಾರಿಸ್ ಕಾರಿತ್ತು. ವಿಷಯ ಕೇಳಿದೊಡನೆ ಅವರ ಮುಖ ಬಿಳಿಚಿತು. ಚೀಲ ತರುತ್ತೇನೆಂದು ಒಳಗೆ ಹೋದವರು ಬರಲು ತಡಮಾಡಿದರು. ದಾರಿಯಲ್ಲಿ ರೈಲ್ವೆ ಗೇಟು ಬೇರೆ ಹಾಕಿತ್ತು. ಹತ್ತಿ ಹೊತ್ತ ಗೂಡ್ಸು ಗಾಡಿ ತೆವಳುತ್ತಾ ಸಾಗಿತು. ಒಂದು ಕಾಲಕ್ಕೆ ಇದೇ ಗೇಟಿನಲ್ಲಿ ನಿಂತು ಅಲ್ಲಾಬಕ್ಷ್ ಡಬ್ಬಿಗಳನ್ನು ಎಣಿಸುತ್ತಿದ್ದ, ಚಾಂದ್ ಪಾಷಾ ಅವನ ಸೊಂಟದ ಮೇಲೆ ಕೂತು ಕೈ ತಟ್ಟುತ್ತಿದ್ದ. ಇವನಿಗೆ ನಡಿಗೆ ಕಲಿಸಿದವನೂ ಆ ಅಣ್ಣನೇ, ಕೆಲಸ ಕಲಿಸಿದವನೂ ಅವನೇ. ಇಂದು ಪಾಲಯ್ಯನವರಿಗೆ ಆ ಡಬ್ಬಿಗಳು ಮುಗಿಯುವುದೇ ಇಲ್ಲವೆನಿಸಿತು.

ಷೆಡ್ಡಿನ ಮುಂದೆ ಜನ ಸೇರಿದ್ದರು. ಪೇದೆಯೊಬ್ಬ ಬಾಗಿಲಲ್ಲಿ ನಿಂತಿದ್ದ.

ಚಾಂದ್ ಪಾಷಾ ಕೊಟ್ರವ್ವನ ಅಂಗಡಿಯ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಿದ್ದ. ಕಣ್ಣು ಕೆಂಪಾಗಿತ್ತು. ಇನ್ಸ್‌ಪೆಕ್ಟರನ್ನು ಕಂಡು ನಗಲು ನೋಡಿದ.

“ಅರ್ಧ ಬೆಸುಗೆ ಆಗಿತ್ತು, ನಿಮ್ಮ ಪೇದೆ ಬಂದು ಎಳೆದ್ರು. ಯಾಕ ಅಣ್ಣಾರೆ? ಏನಾತು? ಒಂದೀಟು ಕೆಮ್ಮು ಬಂದಿತ್ತು, ಈಗ ಆರಾಮಿದೀನಿ.”

“ಏಳಬ್ಯಾಡ!” ಪಾಲಯ್ಯ ಅವನ ಹೆಗಲು ಹಿಡಿದು ಬೆಂಚಿನ ಮೇಲೆಯೇ ಮಲಗಿಸಿದರು. “ಒಂದು ಹೆಜ್ಜೆನೂ ನಡೀಬ್ಯಾಡ. ಟ್ಯಾಂಕಿಗೆ ಏನು ಸುರಿದೆ?”

“ಜಿಡ್ಡು ಇತ್ತು. ಅಣ್ಣ ಒಂದು ಶೀಶೆಯಾಗಿನ ನೀರಿನಂಥಾದ್ದನ್ನ ಸುರಿದು ತೊಳೀತಿದ್ದ. ಅರ್ಧ ಉಳಿದಿತ್ತು, ಅದನ್ನೇ ನಾನೂ ಸುರಿದೆ.”

ಡಾಕ್ಟರು ಚೀಲ ತೆರೆದು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ಅವನ ತೋಳಿನ ಅಂಗಿ ಮೇಲೆ ಸರಿಸಿದರು.

“ಆ ಶೀಶೆ ಎಲ್ಲಿಂದ ಬಂತೋ ಚಾಂದ್?”

“ಭಾಭಿ ತಂದಿದ್ಲು. ಭಾನುವಾರ ಬೆಳಿಗ್ಗೆ, ಷೆಡ್ಡಿಗೆ.”

ಪಾಲಯ್ಯ ಅವನ ಹೆಗಲ ಮೇಲಿನ ಕೈ ತೆಗೆದರು. ತಾವೇ ಬಿಡುಗಡೆ ಮಾಡಿಸಿದ ಹೆಂಗಸು!

“ಹೌದು. ನಾನೇ ತಂದೆ.”

ಜನ ಎರಡು ಭಾಗವಾದರು. ಠಾಣೆಯಿಂದ ನೇರವಾಗಿ ಬಂದ ಖತೀಜಾಬೀ ನಿಂತಿದ್ದಳು. ಬುರ್ಖಾದ ಮುಸುಕು ಹಿಂದೆ ಸರಿದಿತ್ತು, ತುಟಿ ಒಣಗಿತ್ತು. ಆಕೆ ಮೈದುನನನ್ನೂ ನೋಡಲಿಲ್ಲ, ಪಾಲಯ್ಯನವರನ್ನೂ ನೋಡಲಿಲ್ಲ. ಅವರಾಚೆ ಬಗ್ಗಿ ಕೂತಿದ್ದ ಬಿಳಿ ಕೋಟಿನವರನ್ನೇ ದಿಟ್ಟಿಸುತ್ತಿದ್ದಳು.

“ಅಮ್ಮನ ಕಣ್ಣು ತೋರ್ಸಾಕ ಹರಿಹರಕ್ಕ ಹೋಗಿದ್ದೆ ಪಾಲಯ್ಯ ಭಾಯ್. ‘ನಿನ್ನ ಗಂಡ ವೆಲ್ಡಿಂಗ್ ಕೆಲಸದಾವ ಅಲ್ಲೇನಮ್ಮಾ? ಇದನ್ನ ಅವನಿಗೆ ಕೊಡು. ಎಂಥಾ ಜಿಡ್ಡಿದ್ರೂ ಹೋಗತೈತೆ, ಬೆಂಕಿ ಹತ್ತೋ ಭಯ ಇಲ್ಲ’ ಅಂತ ಹೇಳಿ ಶೀಶೆ ಕೊಟ್ಟಿದ್ದು ಇವರೇ. ಯಾಕ ಡಾಕ್ಟ್ರೇ, ನನ್ನ ಗುರ್ತು ಸಿಗ್ಲಿಲ್ಲೇನ್ರಿ?”

ಆ ಮನೆಯವರು ಯಾರನ್ನೂ ಕಂಡಿಲ್ಲವೆಂದಿದ್ದ ನಾಗರಾಜಪ್ಪ ತಲೆ ಎತ್ತಲಿಲ್ಲ. ಸೂಜಿಯ ಮೊನೆ ಚಾಂದ್ ಪಾಷಾನ ತೋಳಿನ ಹತ್ತಿರ ನಿಂತಿತ್ತು.

ಪಾಲಯ್ಯ ಅವರ ಮಣಿಕಟ್ಟನ್ನು ಹಿಡಿದರು.

“ಬಿಡಿ ಇನ್ಸ್‌ಪೆಕ್ಟರ್” ಎಂದರು ಡಾಕ್ಟರು, ದನಿ ಏರಿಸದೆ. “ಮಾತು ಆಮೇಲೆ ಆಡೋಣ. ಈ ವಿಷಕ್ಕೆ ಏನು ಮಾಡಬೇಕು ಅಂತ ಗೊತ್ತಿರೋನು ಈ ಎರಡೂ ಊರಲ್ಲಿ ನಾನೊಬ್ಬನೇ. ಈಗ ಇದನ್ನ ಕೊಡದಿದ್ರೆ ಈ ಹುಡುಗ ನಾಳೆ ಬೆಳಗು ನೋಡೋದಿಲ್ಲ.”

ಸಿರಿಂಜಿನೊಳಗಿನ ಔಷಧಿ ತಿಳಿಯಾಗಿತ್ತು. ಅದು ಮದ್ದೋ ಇನ್ನೊಂದು ವಿಷವೋ ಎಂದು ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಪಾಲಯ್ಯನವರಿಗೆ ಹಿಡಿದ ಕೈ ಬಿಡಲಾಗಲಿಲ್ಲ, ಹಿಡಿದುಕೊಂಡೇ ಇರುವ ಧೈರ್ಯವೂ ಬರಲಿಲ್ಲ.

ಚಾಂದ್ ಪಾಷಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿದ.

“ಅಣ್ಣಾರೆ” ಎಂದ ಅವನು, “ಎದೆ ಯಾಕೋ ಬಿಗೀತಾ ಐತೆ.”